ಹಸಿರು ಟೈಲ್ಸಿನ ಮನೆಯೂ ನನ್ನ ಚೌಕಾಸಿಯೂ

ಚಿಕ್ಕಪೇಟೆಯ ಸೀರೆ ಅಂಗಡಿಯವರನ್ನೇ ಸುಸ್ತು ಮಾಡಿ ಬಂದವನಿಗೆ ನೆದರ್‌ಲ್ಯಾಂಡ್ಸಿನಲ್ಲಿ ಒಂದು ಮನೆ ಚೌಕಾಸಿ ಮಾಡುವುದು ಯಾವ ಮಹಾ ಕೆಲಸ? ಹೀಗೆಂದು ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ವೂರ್‌ಬರ್ಗಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ನಿಂತು ಪಕ್ಕದ ಮನೆಯ ಮ್ಯೂರಿಯಲ್‌ಗೆ ಘೋಷಿಸಿಯೂ ಬಿಟ್ಟೆ. ಈಗ ನೆನೆದರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಮ್ಯೂರಿಯಲ್ ಟ್ರಾಮ್ ಓಡಿಸುತ್ತಾಳೆ. ಒಂದು ಕಾಲದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮಿನಿಂದ ಬಂದ ಕಪ್ಪುಜನರ ಕುಟುಂಬ ಅವಳದು. ಅಜ್ಜಿ ಬಾಳಿದ್ದು ಬಾಡಿಗೆ ಮನೆಯಲ್ಲಿ, ಅಮ್ಮ ಬಾಳಿದ್ದೂ ಅಲ್ಲೇ. ಈಗ ಇವಳು ಡ್ಯೂಟಿ ಮುಗಿಸಿ ಸ್ವಂತ ಮನೆ ಹುಡುಕಿ ಹುಡುಕಿ ಹಣ್ಣಾಗಿದ್ದಳು.

"ಅಜ್ಜಿ ಕಾಲದಲ್ಲಿ ಫೋನಲ್ಲಿ ಖಾಲಿ ಇದ್ದ ಮನೆ, ನಮ್ಮ ಮುಖ ಕಂಡ ತಕ್ಷಣ ಭರ್ತಿ ಆಗ್ತಿತ್ತಂತೆ. ಅಮ್ಮ ತೀರ್ಕೊಂಡಾಗ ನನ್ನ ಕೈಗೆ ಬಂದಿದ್ದು ಒಂದು ಬೀಗದ ಕೈ. ಅದನ್ನೂ ಮನೆ ಮಾಲೀಕರಿಗೆ ವಾಪಸ್ ಕೊಟ್ಟೆ. ನನ್ನ ಮಗಳು ಹಾಗೆ ಕೊಡಬಾರದು" ಎಂದಳು.

ನನ್ನ ಗಂಟಲು ಕಟ್ಟಿತು. ಹಾಗೇ ಕಟ್ಟಿಕೊಂಡಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು!

"ನಾನೂ ಬರ್ತೀನಿ. ರೇಟು ಇಳಿಸೋದು ನನಗೆ ಬಿಡು" ಎಂದೆ.

ಒಳಗಿಂದ ನನ್ನ ಹೆಂಡತಿ ಸುಮಾ, "ರೀ, ಇಲ್ಲಿ ಹೇಳಿದ ರೇಟಿಗಿಂತ ಜಾಸ್ತಿ ಕೊಡೋಕೆ ಜನ ಸಾಲುಗಟ್ಟಿ ನಿಂತಿರ್ತಾರೆ. ನೀವು ಸುಮ್ನೆ ಮನೇಲಿರಿ" ಎಂದಳು. ಅನುಭವಿಗಳಿಗೆ ಸ್ವಗೃಹದಲ್ಲಿ ಬೆಲೆಯಿಲ್ಲವೆಂದು ನಿಟ್ಟುಸಿರು ಬಿಟ್ಟೆ.

ಶನಿವಾರ ಹೋದೆವು. ಚಿಕ್ಕ ಮನೆ, ಹಿಂದೆ ಹಿತ್ತಲು, ಅಡುಗೆಮನೆಯ ತುಂಬ ಹಸಿರು ಟೈಲ್ಸು. ಮ್ಯೂರಿಯಲ್ ಗೋಡೆಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಮುಖ ಅರಳಿತ್ತು. ನನಗೆ ಗಾಬರಿ! ಸೀರೆ ಹಿಡಿಸಿತೆಂದು ಅಂಗಡಿಯಲ್ಲಿ ಯಾರಾದರೂ ತೋರಿಸಿಕೊಳ್ಳುತ್ತಾರೆಯೇ?

"ಮುಖ ಗಂಟು ಹಾಕ್ಕೋ. ಮಾಲನ್ನ ಹಳಿದ್ರೇನೇ ರೇಟು ಇಳಿಯೋದು" ಎಂದು ಪಿಸುಗುಟ್ಟಿದೆ.

"ನನಗೆ ಮನೆ ಇಷ್ಟ ಆಗಿದೆ."

"ಅದನ್ನೇ ಹೇಳ್ಬೇಡ ಅಂದಿದ್ದು!"

ಅವಳು ಬ್ರೋಕರ್ ಜೊತೆ ಮಹಡಿ ಹತ್ತಿದಳು. ಅಡುಗೆಮನೆಯಲ್ಲಿ ಹಳೇ ಸ್ವೆಟರಿನ ಮುದುಕರೊಬ್ಬರು ನಿಂತಿದ್ದರು. ಮನೆ ಕೊಳ್ಳಲು ಬಂದವರೇ ಇರಬೇಕು. ಅಂದರೆ ಪ್ರತಿಸ್ಪರ್ಧಿ! ಇವರನ್ನು ಓಡಿಸಿದರೆ ಅರ್ಧ ಕೆಲಸ ಮುಗಿದಂತೆ ಎಂದುಕೊಂಡೆ.

"ಮನೆ ಹೇಗಿದೆ?" ಎಂದು ಅವರೇ ಕೇಳಿದರು.

"ಅಯ್ಯೋ, ಬಿಡಿ ಸಾರ್" ಎಂದು ಶುರುಮಾಡಿದೆ. ಬಾಗಿಲು ದಕ್ಷಿಣಕ್ಕೆ, ಒಲೆ ಇರಬಾರದ ಮೂಲೆಯಲ್ಲಿ, ಗೋಡೆಯೆಲ್ಲ ತೇವ. "ಇನ್ನು ಈ ಟೈಲ್ಸು! ಯಾವ ಪುಣ್ಯಾತ್ಮ ಹಾಕಿದ್ನೋ!"

"ನಾನೇ" ಎಂದರು ಮುದುಕರು. "ಬಣ್ಣ ನನ್ನ ಹೆಂಡತಿ ಆರಿಸಿದ್ದು. ಅವಳು ಈಗಿಲ್ಲ."

ಅಂಗಡಿಯಲ್ಲಾದರೆ ಇಂಥ ಹೊತ್ತಿನಲ್ಲಿ ಚಪ್ಪಲಿ ಮೆಟ್ಟಿ ಹೊರಟುಬಿಡಬಹುದು. ಇಲ್ಲಿ ಮ್ಯೂರಿಯಲ್ ಮಹಡಿಯ ಮೇಲಿದ್ದಳು. ಆದ ಹಾನಿಯನ್ನು ಸರಿಪಡಿಸುವ ಪವಿತ್ರ ಉದ್ದೇಶದಿಂದ, "ಹತ್ತಿರದಿಂದ ನೋಡಿದ್ರೆ ಬಣ್ಣ ಬಹಳ ಚೆನ್ನಾಗಿದೆ ಸಾರ್! ಕಪಾಟು ನೋಡಿ, ಎಷ್ಟು ಗಟ್ಟಿ!" ಎನ್ನುತ್ತ ಅದರ ಬಾಗಿಲು ಎಳೆದೆ.

ಬಾಗಿಲು ಕೈಗೆ ಬಂತು. ಪೂರ್ತಿ!

ಮ್ಯೂರಿಯಲ್ ಕೆಳಗಿಳಿದು ಬಂದಾಗ ನಾನು ಅದನ್ನು ಎದೆಗವಚಿಕೊಂಡು ದಕ್ಷಿಣ ದಿಕ್ಕಿನ ಸದ್ಗುಣಗಳನ್ನು ವಿವರಿಸುತ್ತಿದ್ದೆ.

ಮನೆ ಬೇರೆಯವರ ಪಾಲಾಯಿತು. ಮನೆಯನ್ನು ಪ್ರೀತಿಸುವವರಿಗೇ ಕೊಡಬೇಕೆಂದು ಯಜಮಾನರ ಆಸೆಯಂತೆ. ಬ್ರೋಕರ್ ಹೀಗೆಂದು ಫೋನಿನಲ್ಲಿ ಹೇಳಿದ್ದು ಮ್ಯೂರಿಯಲ್‌ಗೆ. ಆ ಮನೆಯನ್ನು ಪ್ರೀತಿಸಿದವಳಿಗೇ!

"ಈ ಸಲ ನನ್ನ ಮುಖ ನೋಡಿ ಅಲ್ಲ, ನಿನ್ನ ಮಾತು ಕೇಳಿ ಮನೆ ಹೋಯ್ತು" ಎಂದಳು. ಬೈದಿದ್ದರೆ ವಾಸಿಯಿತ್ತು. ನಾಚಿಕೆಯಾಯಿತು.

ಆಮೇಲೆ ಅವಳು ಸುಮಾಳನ್ನು ಕರೆದುಕೊಂಡು ಹೋಗತೊಡಗಿದಳು. ನನಗೆ ಹೊರಗೆ ಸೈಕಲ್ ಕಾಯುವ ಜವಾಬ್ದಾರಿ. ತಿಂಗಳುಗಟ್ಟಲೆ ಕಾದೆ. ಬೇರೆ ಬೇರೆ ಬೀದಿಗಳಲ್ಲಿ, ಅದೇ ತಣ್ಣನೆಯ ಗಾಳಿಯಲ್ಲಿ. ಕಡೆಗೂ ಒಂದು ಮನೆ ಸಿಕ್ಕಿತು.

ಕೀಲಿ ಕೊಟ್ಟ ದಿನ ನನಗೂ ಒಳಗೆ ಪ್ರವೇಶ ಸಿಕ್ಕಿತು. ಮ್ಯೂರಿಯಲ್ ಬೀಗದ ಕೈಯನ್ನು ಮಗಳ ಅಂಗೈಯಲ್ಲಿಟ್ಟು, "ಇದನ್ನ ಯಾರಿಗೂ ವಾಪಸ್ ಕೊಡಬೇಕಾಗಿಲ್ಲ" ಎಂದಳು. ನಾನು ಅತ್ತುಬಿಟ್ಟೆ.

"ಹೇಗಿದೆ ಮನೆ?" ಎಂದು ನನ್ನನ್ನು ಕೇಳಿದಳು.

ಬಾಯಿ ತೆರೆದೆ. ಸುಮಾ ಅದರೊಳಗೆ ಕೇಕ್ ತುರುಕಿದಳು.

ಹೊರಗೆ ಬಂದು ನೋಡಿದರೆ ನನ್ನ ಸೈಕಲ್ಲಿಲ್ಲ. ಒಳಗೆ ಕರೆದರೆಂಬ ಸಂಭ್ರಮದಲ್ಲಿ ಬೀಗ ಹಾಕುವುದನ್ನೇ ಮರೆತಿದ್ದೆ. ಕಾಲೆಳೆಯುತ್ತ ಬಾಡಿಗೆ ಮನೆಯತ್ತ ಹೊರಟೆ. ಜೇಬಿನಲ್ಲಿ ಸೈಕಲ್ಲಿನ ಬೀಗದ ಕೈ ಮಾತ್ರ ಭದ್ರವಾಗಿತ್ತು.

ಅದನ್ನೂ ಯಾರಿಗೂ ವಾಪಸ್ ಕೊಡಬೇಕಾಗಿಲ್ಲ!