ಬುತ್ತಿ ಕಟ್ಟಿದ ಸಿಗ್ನಲ್

ಚನ್ನವೀರಪ್ಪನವರು ಸ್ಟೀಲಿನ ಊಟದ ಡಬ್ಬಿಯೊಂದನ್ನು ಮಾಳಿಗೆಯ ನೀರಿನ ಟಾಕಿಯ ಮೇಲಿಟ್ಟು, ಮುಚ್ಚಳವನ್ನು ಅಂಗಿಯ ತುದಿಯಿಂದ ಒರೆಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಿಂದ ನಿವೃತ್ತರಾದ ಮೇಲೆ ಹೊಸ ಯಂತ್ರವೊಂದು ತಯಾರಾದಾಗಲೆಲ್ಲ ಅವರು ಹೀಗೆಯೇ ನಿಲ್ಲುತ್ತಿದ್ದರು. ಹಾಲು ಉಕ್ಕಿದರೆ ಕೂಗುವ ಗಂಟೆ ಮಾಡಿದಾಗಲೂ ಹೀಗೇ ನಿಂತಿದ್ದರು. ಅದು ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ ಕೂಗುತ್ತಿತ್ತು. ಸೆಕೆಯಾದವರ ಹಿಂದೆ ತಾನೇ ಉರುಳಿಕೊಂಡು ಹೋಗುವ ಫ್ಯಾನು ಮಾಡಿದಾಗಲೂ ಅಷ್ಟೇ. ಅದು ಅವರ ಹೆಂಡತಿ ದಾಕ್ಷಾಯಿಣಿಯ ಬೆನ್ನು ಬಿದ್ದು ಬಚ್ಚಲುಮನೆಯ ಬಾಗಿಲ ತನಕ ಬಂದಿತ್ತು.

"ಇದು ನನ್ನ ಬುತ್ತಿ ಡಬ್ಬಿ ಅಲ್ಲೇನ್ರಿ? ಎಂಟು ದಿನದಿಂದ ಹುಡುಕಾಕ ಹತ್ತೀನಿ," ಎಂದಳು ದಾಕ್ಷಾಯಿಣಿ.

"ಈಗೂ ಬುತ್ತಿ ಡಬ್ಬೀನ. ಇದರಾಗ ನಮ್ಮ ಮನೀ ಸಿಗ್ನಲ್ ಬುತ್ತಿ ಕಟ್ಟೀನಿ."

ಸಂಗತಿ ಬಹಳ ಸರಳ ಎಂದರು ಚನ್ನವೀರಪ್ಪ. ತರಂಗಕ್ಕೂ ಮನುಷ್ಯನ ಹಾಗೆ ಹುಟ್ಟಿದ ಊರಿನ ನೆನಪಿರುತ್ತದೆ. ಆ ನೆನಪನ್ನು ಒಂದು ಹರಳಿನಲ್ಲಿ ಹಿಡಿದಿಟ್ಟರೆ ಮುಗಿಯಿತು, ಡಬ್ಬಿ ಎಲ್ಲಿರುತ್ತದೋ ಅಲ್ಲಿನ ಫೋನುಗಳೆಲ್ಲ ತಾವು ಇವರ ಊರು ಬೆಟಗೇರಿಯಲ್ಲೇ ಇದ್ದೇವೆ ಎಂದು ನಂಬಿಬಿಡುತ್ತವೆ. ಹೊರದೇಶದ ಸಿಮ್ಮು ಬೇಡ, ರೋಮಿಂಗು ಬೇಡ, ವೈಫೈ ಪಾಸ್‌ವರ್ಡಿಗಾಗಿ ಹೋಟೆಲಿನವರ ಮುಂದೆ ಹಲ್ಲು ಕಿರಿಯುವುದೂ ಬೇಡ.

"ಸ್ವಿಚ್ ಎಲ್ಲೈತಿ?"

"ಇಟ್ಟಿಲ್ಲ. ಯಾರರ ಕೈ ತಾಗಿ ಬಂದ್ ಆದ್ರ ನಿನ್ನ ಗತಿ ಏನು? ಮುಚ್ಚಳಾನೂ ಬೆಸುಗಿ ಹಾಕೀನಿ."

ಗಂಡ ಹೇಳಿದ್ದರಲ್ಲಿ ಬಂದ್ ಆದರೆ ನಿನ್ನ ಗತಿ ಏನು ಎಂಬುದೊಂದು ಮಾತ್ರ ದಾಕ್ಷಾಯಿಣಿಯ ಎದೆಗೆ ನಾಟಿತ್ತು. ತಮ್ಮ ಮುರಿಗೆಪ್ಪನಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಣ್ಣು ಕೂಸು ಹುಟ್ಟಿತ್ತು. ಬರಬೇಕಾದ ದಿನಕ್ಕಿಂತ ಮುಂಚೆಯೇ ಬಂದಿದ್ದರಿಂದ, ತೊಟ್ಟಿಲಿಗೆ ಹಾಕುವ ಮುಹೂರ್ತ ಸರಿಯಾಗಿ ಇವರ ವಿಯೆಟ್ನಾಂ ಪ್ರವಾಸದ ನಡುವೆ ಬಂದು ಕೂತಿತ್ತು. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ಹೆಸರು ಏನೆಂಬುದು ಅಲ್ಲಿಯ ತನಕ ಅವಳಿಗೊಬ್ಬಳಿಗೇ ಗೊತ್ತು. ದಾಕ್ಷಾಯಿಣಿ ಪ್ರವಾಸವೇ ಬೇಡವೆಂದು ಹಟ ಹಿಡಿದಿದ್ದಳು. ಅಲ್ಲಿಂದಲೇ ಫೋನಿನಲ್ಲಿ ಹೆಸರು ಹೇಳಬಹುದು ಎಂಬ ಡಬ್ಬಿಯ ಭರವಸೆಯ ಮೇಲೆಯೇ ಚನ್ನವೀರಪ್ಪ ಅವಳನ್ನು ಒಪ್ಪಿಸಿದ್ದು.

ಅವಳ ಮನಸ್ಸಿನಲ್ಲಿದ್ದ ಹೆಸರು ನೀಲಾಂಬಿಕೆ. ಅದು ತೀರಿಹೋದ ಅವ್ವನ ಹೆಸರು. ಅವ್ವ ಹೋದಾಗ ಮುರಿಗೆಪ್ಪ ಇನ್ನೂ ತೊದಲು ಮಾತಾಡುತ್ತಿದ್ದ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ದಾಕ್ಷಾಯಿಣಿ. ಇನ್ನು ಅವಳು ಹೇಳದೆ ಹೋದರೆ ಹೇಳಲು ದೊಡ್ಡಪ್ಪನ ಮಗಳು ಗಿರಿಜಕ್ಕ ಸೆರಗು ಸಿಕ್ಕಿಸಿಕೊಂಡು ಸಿದ್ಧಳಾಗಿದ್ದಳು. ಆಕೆ ಆರಿಸಿಟ್ಟಿದ್ದ ಹೆಸರು ಝಿಯಾನ್ಶಿ. ಅದರ ಅರ್ಥವೇನೆಂದು ಕೇಳಿದವರಿಗೆಲ್ಲ ಆಕೆ ಬೇರೆ ಬೇರೆ ಉತ್ತರ ಕೊಡುತ್ತಿದ್ದಳು.

ವಿಯೆಟ್ನಾಮಿನ ಹೋಯಿ ಆನ್ ಎಂಬ ಊರಿನಲ್ಲಿ ಇವರನ್ನು ಕರೆದೊಯ್ಯಲು ಬಂದ ಗೈಡಿನ ಹೆಸರು ಹ್ವಾ. ನಡುವಯಸ್ಸಿನ ನಗುಮುಖದ ಹೆಂಗಸು, ಒಳ್ಳೆಯ ಇಂಗ್ಲಿಷು ಮಾತಾಡುತ್ತಿದ್ದಳು. ಡಬ್ಬಿ ವ್ಯಾನು ಹತ್ತಿದ ಸ್ವಲ್ಪ ಹೊತ್ತಿಗೆ ಡ್ರೈವರನ ನಕಾಶೆಯ ಫೋನು, ಹಿಟ್ಟಿನ ಗಿರಣಿ ದಾಟಿ ಎಡಕ್ಕೆ ಹೊರಳಬೇಕು ಎಂದಿತು. ಡ್ರೈವರ್ ಹೊರಳಿದ. ಅಲ್ಲಿ ಗಿರಣಿಯಿರಲಿಲ್ಲ, ಬಾತುಕೋಳಿಗಳಿಂದ ತುಂಬಿದ ಗದ್ದೆಯಿತ್ತು.

"ನೋಡಿದ್ಯಾ, ಫೋನು ನಂಬೇತಿ," ಎಂದು ಚನ್ನವೀರಪ್ಪ ಹಿಗ್ಗಿದರು. ವ್ಯಾನಿನ ಮುಂದಿನ ಚಕ್ರ ಕೆಸರಿನಲ್ಲಿತ್ತು.

"ನಂಬೂದು ಇರ್ಲಿ, ಸಿಗ್ನಲ್ ಎಲ್ಲೈತಿ?" ಎಂದಳು ದಾಕ್ಷಾಯಿಣಿ. ಅವಳ ಫೋನಿನ ಮೇಲೆ ಬೆಟಗೇರಿ ಎಂದು ಸ್ಪಷ್ಟವಾಗಿ ಬರೆದಿತ್ತು. ಅದರ ಪಕ್ಕದಲ್ಲಿ ಒಂದು ಗೆರೆಯೂ ಇರಲಿಲ್ಲ.

ಹೋಟೆಲಿನ ಕೋಣೆಯಲ್ಲೂ ಇಲ್ಲ, ಮೆಟ್ಟಿಲ ಹತ್ತಿರವೂ ಇಲ್ಲ. ಚನ್ನವೀರಪ್ಪ ಡಬ್ಬಿಯನ್ನು ಅಲ್ಲಾಡಿಸಿದರು, ಕಿವಿಗಿಟ್ಟು ಕೇಳಿದರು, ತಲೆಕೆಳಗೆ ಮಾಡಿದರು. ಅಷ್ಟರಲ್ಲಿ ಹೋಟೆಲಿನ ವೈಫೈ ಪೆಟ್ಟಿಗೆಯೂ ತಾನು ಬೆಟಗೇರಿಯಲ್ಲಿದ್ದೇನೆಂದು ನಂಬಿ ಸುಮ್ಮನಾಯಿತು. ರಿಸೆಪ್ಷನ್ನಿನ ಹುಡುಗಿಯರು ತಮ್ಮ ಫೋನುಗಳನ್ನು ಬಡಿಯುತ್ತಿದ್ದರು. ಸಂಜೆಯೊಳಗೆ ಎದುರು ಬೀದಿಯ ದರ್ಜಿ ಅಂಗಡಿಗಳಿಗೂ ಇದೇ ರೋಗ ತಗುಲಿತು. ಡಬ್ಬಿಯ ಪ್ರಭಾವ ಹೊತ್ತು ಹೋದಂತೆ ಬೆಳೆಯುತ್ತಿತ್ತು.

"ಇದನ್ನ ಒಯ್ದು ಹೊಳಿಗೆ ಒಗೀರಿ," ಎಂದಳು ದಾಕ್ಷಾಯಿಣಿ.

"ಒಗದ್ರ ನಮ್ಮ ಮನೀನ ಹೊಳ್ಯಾಗ ಐತಿ ಅಂತ ಫೋನು ತಿಳ್ಕೊತಾವ. ಆಮ್ಯಾಲೆ ನೀ ಮುಳುಗಿ ಮಾತಾಡಬೇಕಾಗತೈತಿ."

ಹೀಗೆ ಜಗಳ ನಡೆದಿದ್ದಾಗಲೇ ದಾಕ್ಷಾಯಿಣಿಯ ಫೋನು ಒಂದೇ ಒಂದು ಸಲ ಗುರ್ ಎಂದು ಸುಮ್ಮನಾಯಿತು. ಬೆಟಗೇರಿಯ ಮನೆಯಲ್ಲಿ ಫೋನು ಹಾಗೆ ಗುರ್ ಎಂದರೆ ಏನು ಮಾಡಬೇಕೆಂದು ಅವಳ ಕಾಲುಗಳಿಗೆ ಗೊತ್ತಿತ್ತು. ಅವಳು ಯೋಚನೆಯನ್ನೇ ಮಾಡದೆ ಮೆಟ್ಟಿಲು ಹತ್ತಿ, ಹೋಟೆಲಿನ ಮಾಳಿಗೆಗೆ ಹೋಗಿ, ಅಲ್ಲಿದ್ದ ನೀರಿನ ಟಾಕಿಯ ಪಕ್ಕ ಪೂರ್ವಕ್ಕೆ ಮುಖ ಮಾಡಿ ನಿಂತು, ಎಡಗೈಯನ್ನು ಟಾಕಿಯ ಮೇಲಿಟ್ಟಳು. ಗೆರೆಗಳೆಲ್ಲ ತುಂಬಿ ಬಂದವು.

"ಅಕ್ಕಾ, ಎಷ್ಟೊತ್ತಿಂದ ಹಚ್ಚಾಕ ಹತ್ತೀನಿ," ಎಂದ ಮುರಿಗೆಪ್ಪ, ಪಕ್ಕದ ಓಣಿಯಲ್ಲಿ ನಿಂತವನಷ್ಟು ಸ್ಪಷ್ಟವಾಗಿ.

ಏದುಸಿರು ಬಿಡುತ್ತ ಹಿಂದೆಯೇ ಬಂದ ಗಂಡನ ಕಡೆಗೆ ದಾಕ್ಷಾಯಿಣಿ ತಿರುಗಿದಳು. "ನಮ್ಮ ಮನ್ಯಾಗ ಸಿಗ್ನಲ್ ಎಲ್ಲಿ ಬರತೈತ್ರಿ?"

"ಮಾಳಿಗಿ ಮ್ಯಾಲೆ. ಟಾಕಿ ಬಾಜೂಕ."

"ಅದನ್ನ ಬುತ್ತಿ ಕಟ್ಟೀರಿ ನೀವು."

ಚನ್ನವೀರಪ್ಪ ಗಲ್ಲ ಕೆರೆದುಕೊಂಡರು. ಫೋನು ಬಂದರೆ ಮಾಳಿಗೆಗೆ ಓಡುವುದು ಆ ಮನೆಯಲ್ಲಿ ಉಸಿರಾಡಿದಷ್ಟೇ ಸಹಜವಾಗಿಹೋಗಿತ್ತು. ಅದೊಂದು ಕೊರತೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಸುದ್ದಿಯನ್ನು ಹ್ವಾಳಿಗೆ ಹೇಳಿದ್ದೇ ತಡ, ಹೋಟೆಲಿಗೆ ಹೋಟೆಲೇ ಮಾಳಿಗೆ ಹತ್ತಿತು. ಅಡುಗೆಯವರು, ಮ್ಯಾನೇಜರು, ಕೊರಿಯಾದಿಂದ ಬಂದ ನವದಂಪತಿ, ಯಾವುದೋ ದೇಶದ ಗಡ್ಡದ ಸಾಹೇಬ, ಎಲ್ಲರೂ ಟಾಕಿಯ ಸುತ್ತ ಪೂರ್ವಕ್ಕೆ ಮುಖ ಮಾಡಿ, ಎಡಗೈ ಚಾಚಿ ನಿಂತರು. ಕೆಳಗಿನ ಬೀದಿಯವರೂ ತಮ್ಮ ತಮ್ಮ ಮಾಳಿಗೆಗಳ ಟಾಕಿಗಳಿಗೆ ಕೈ ಹಚ್ಚಿದರು. ಊರಿಗೇನೋ ಹೊಸ ವ್ರತ ಬಂದಂತೆ ಕಾಣುತ್ತಿತ್ತು. ಒಂದು ಟಾಕಿಗೆ ಒಂದೇ ಕೈ ಹಿಡಿಸುತ್ತಿತ್ತು, ಎರಡನೆಯವರು ಮುಟ್ಟಿದರೆ ಮೊದಲಿನವರ ಮಾತು ಕಟ್ಟಾಗುತ್ತಿತ್ತು. ಅದೂ ಬೆಟಗೇರಿಯ ಪದ್ಧತಿಯೇ. ಹ್ವಾ ಎಲ್ಲರನ್ನೂ ಸಾಲು ನಿಲ್ಲಿಸಿದಳು.

ಹೆಸರಿಡುವ ದಿನ ದಾಕ್ಷಾಯಿಣಿ ಇಳಕಲ್ ಸೀರೆಯುಟ್ಟು, ತುರುಬಿಗೆ ಹೂ ಮುಡಿದು ಮಾಳಿಗೆಗೆ ಬಂದಳು. ಡಬ್ಬಿಯನ್ನು ಎದೆಗವಚಿಕೊಂಡು ಚನ್ನವೀರಪ್ಪ ಹಿಂದೆ ಬಂದರು. ವಿಷಯ ತಿಳಿದ ಸಾಲಿನವರು ದಾರಿ ಬಿಟ್ಟುಕೊಟ್ಟರು. ಅಡುಗೆಯವನು ತನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಟಾಕಿಯಿಂದ ಕೈ ತೆಗೆದ. ಅತ್ತ ಕೊಪ್ಪಳದಲ್ಲಿ, ಮುರಿಗೆಪ್ಪನ ಮಾವನ ಮನೆಯ ಪಡಸಾಲೆ ತುಂಬ ಹೆಂಗಸರು. ಫೋನಿನಲ್ಲಿ ತೊಟ್ಟಿಲು ಕಂಡಿತು, ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಅಳುತ್ತಿದ್ದ ಕೂಸು ಕಂಡಿತು. ಅಚ್ಚು ಅವ್ವನ ಹಣೆ.

"ಅಕ್ಕಾ, ಮುಹೂರ್ತ ಬಂತು. ಲಗೂನ ಹೇಳು. ಇಲ್ಲೆ ಗಿರಿಜಕ್ಕ..."

ಪರದೆ ಕಪ್ಪಾಯಿತು. ಗೆರೆಗಳೆಲ್ಲ ಒಮ್ಮೆಲೇ ಅಳಿಸಿಹೋದವು.

"ಕರೆಂಟ್ ಹೋತು," ಎಂದಳು ದಾಕ್ಷಾಯಿಣಿ. ಬೆಟಗೇರಿಯಲ್ಲಿ ಕರೆಂಟು ಹೋದರೆ ಟವರು ಮಲಗುತ್ತಿತ್ತು. ಅಲ್ಲಿ ಅದು ಮಲಗಿದರೆ ಇಲ್ಲಿ ಡಬ್ಬಿಯೂ ಮಲಗಬೇಕು. ಅಷ್ಟೊಂದು ನಿಷ್ಠೆಯ ಡಬ್ಬಿ ಅದು.

ಅವಳು ಟಾಕಿಯ ಮೇಲಿನ ಕೈ ತೆಗೆಯಲಿಲ್ಲ. "ನಾನು ಬರೂದಿಲ್ಲ ಅಂತ ಹೇಳಿದ್ದೆ. ನಿಮ್ಮ ಮಾತು ನಂಬಿ ಬಂದೆ," ಎಂದಳು. "ಅವ್ವನ ಹೆಸರು ಹೇಳಾಕ ನಾನೊಬ್ಬಾಕೀನ ಇದ್ದೆ." ಅಷ್ಟು ಹೇಳಿ ಅತ್ತಳು. ಸಾಲಿನಲ್ಲಿದ್ದವರಿಗೆ ಮಾತು ತಿಳಿಯಲಿಲ್ಲ, ಅಳು ತಿಳಿಯಿತು. ಹ್ವಾ ಬಂದು ಅವಳ ಹೆಗಲು ಹಿಡಿದು ನಿಂತಳು.

ಚನ್ನವೀರಪ್ಪನವರ ಮುಖ ಸಣ್ಣದಾಯಿತು. ಗಂಟೆ ತಡವಾಗಿ ಕೂಗಿದಾಗ ಹಾಲಿನ ತಪ್ಪು ಎಂದಿದ್ದವರು, ಫ್ಯಾನು ಬೆನ್ನು ಬಿದ್ದಾಗ ಸೆಕೆಯ ತಪ್ಪು ಎಂದಿದ್ದವರು, ಈ ಸಲ ಯಾರ ಮೇಲೂ ತಪ್ಪು ಹೊರಿಸಲಿಲ್ಲ. "ನಂದ ತಪ್ಪಾತು, ದಾಕ್ಷಾ," ಎಂದವರೇ ಮಾಳಿಗೆಯ ಮೂಲೆಯಲ್ಲಿದ್ದ ಸೌರ ಫಲಕದ ಕಡೆಗೆ ಓಡಿದರು. ಮ್ಯಾನೇಜರು ಹಾ ಹೂ ಎನ್ನುವಷ್ಟರಲ್ಲಿ ಅದರ ತಂತಿಗಳೆರಡನ್ನು ಕಿತ್ತು ಡಬ್ಬಿಯ ಕಿವಿಗಳಿಗೆ ಸಿಕ್ಕಿಸಿದರು.

ಮೊದಲು ಡಬ್ಬಿ ಕೆಮ್ಮಿತು. ಆಮೇಲೆ ಒಗ್ಗರಣೆಯ ವಾಸನೆ ಬಂತು, ಎಷ್ಟು ತೊಳೆದರೂ ವಾಸನೆ ಹೋಗದಷ್ಟು ವರ್ಷ ಅದರಲ್ಲಿ ಚಿತ್ರಾನ್ನ ಕಟ್ಟಿದ್ದಳು ದಾಕ್ಷಾಯಿಣಿ. ಬಳಿಕ ಅದು ಗುಂಯ್ ಎಂದು ಮೊರೆಯತೊಡಗಿದ್ದೇ ಮಾಳಿಗೆಯ ಮೇಲಿನ ಫೋನುಗಳೆಲ್ಲ ಒಟ್ಟಿಗೆ ರಿಂಗಾಗಿ ಹೊಡೆದುಕೊಂಡವು. ಬೀದಿಯವು ಹೊಡೆದುಕೊಂಡವು. ದೋಣಿಯವರ ಜೇಬಿನಲ್ಲಿದ್ದವು, ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿಯ ಪಕ್ಕದಲ್ಲಿದ್ದವು, ಒಂದೂ ಬಿಡದೆ ಹೊಡೆದುಕೊಂಡವು. ಅಷ್ಟು ಹೊತ್ತಿನಿಂದ ಫೋನಿಗಾಗಿ ಹಪಹಪಿಸುತ್ತಿದ್ದ ಜನ, ಬಂದದ್ದು ಯಾರದೆಂದು ನೋಡದೆ ಕಿವಿಗಿಟ್ಟುಕೊಂಡರು. ಎಲ್ಲದರಲ್ಲೂ ಮುರಿಗೆಪ್ಪನ ದನಿಯೇ.

"ಅಕ್ಕಾ, ಬಂದ್ಯಾ? ಗಿರಿಜಕ್ಕ ಬಗ್ಗೇಬಿಟ್ಟಿದ್ಲು, ನಿಲ್ಲಿಸೀನಿ. ಹೇಳು."

ಮುರಿಗೆಪ್ಪ ಗಿರಿಜಕ್ಕನ ಕೈಗೇ ಫೋನು ಕೊಟ್ಟು ಕೂಸಿನ ಕಿವಿಗೆ ಹಿಡಿಯಲು ಹೇಳಿದ. ದಾಕ್ಷಾಯಿಣಿ ಕಣ್ಣು ಮುಚ್ಚಿ, ಬಾಯಿಯನ್ನು ಫೋನಿಗೆ ಹತ್ತಿರ ತಂದು, ಪದ್ಧತಿಯಂತೆ ಮೊದಲು ಕುರ್‌ರ್ ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು, "ನೀಲಾಂಬಿಕೆ."

ಕೂಸು ಅಳು ನಿಲ್ಲಿಸಿತು. ಮುರಿಗೆಪ್ಪ ಅಕ್ಕಾ ಎಂದಷ್ಟೇ ಹೇಳಿದ. ಹೆಸರು ಹೇಳಲು ಬಗ್ಗಿದ ಅತ್ತೆಯ ಬೆನ್ನಿಗೆ ನೆರೆದವರು ಗುದ್ದುವುದು ಅಲ್ಲಿಯ ರೂಢಿ. ಅತ್ತೆಯ ಬೆನ್ನು ವಿಯೆಟ್ನಾಮಿನಲ್ಲಿದ್ದುದರಿಂದ ಗುದ್ದುಗಳೆಲ್ಲ ಫೋನು ಹಿಡಿದು ಬಗ್ಗಿದ್ದ ಗಿರಿಜಕ್ಕನಿಗೆ ಬಿದ್ದವು. ದಬ್ ದಬ್ ಎಂಬ ಸದ್ದು ಹೋಯಿ ಆನ್ ಊರಿನ ಪ್ರತಿಯೊಂದು ಫೋನಿನಲ್ಲೂ ಕೇಳಿಸಿತು.

ಮರುಕ್ಷಣ ಡಬ್ಬಿ ಪಟ್ ಎಂದು ಬಾಯಿ ಬಿಟ್ಟು ತಣ್ಣಗಾಯಿತು. ಫೋನುಗಳು ಬೆಟಗೇರಿಯನ್ನು ಮರೆತು ತಮ್ಮ ತಮ್ಮ ಸಿಗ್ನಲ್ಲಿಗೆ ಮರಳಿದವು. ಮಾಳಿಗೆಯವರೆಲ್ಲ ಟಾಕಿ ಬಿಟ್ಟು ಚಪ್ಪಾಳೆ ತಟ್ಟಿದರು. ದಾಕ್ಷಾಯಿಣಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಎಷ್ಟೋ ದಿನದಿಂದ ಹೊತ್ತ ಭಾರ ಇಳಿದು, ಅವಳಿಗೆ ನಗು ಬಂದು, ಹಸಿವೆಯೂ ಆಯಿತು.

"ಹೆಂಗೂ ಕೆಲಸ ಮಾಡ್ತಲ್ಲ," ಎಂದು ಚನ್ನವೀರಪ್ಪ ಮೆತ್ತಗೆ ಅಂದರು.

"ಬಾಯಿ ಮುಚ್ಚಿ ಆ ತಂತಿ ಮೊದಲಿದ್ದಲ್ಲಿ ಹಚ್ಚಿ ಬರ್ರಿ," ಎಂದಳು. ಸಿಟ್ಟು ಮಾತ್ರ ದನಿಯಲ್ಲಿರಲಿಲ್ಲ.

ಮರುದಿನ ಊರಿಗೆ ಹೊರಡುವಾಗ ಹ್ವಾ ತನ್ನ ಫೋನನ್ನು ಹಿಡಿದುಕೊಂಡು ಬಂದಳು. ಅವಳ ಮುಖದಲ್ಲಿ ಗಾಬರಿಯೂ ನಗೆಯೂ ಬೆರೆತಿತ್ತು. ಡಬ್ಬಿ ಸಾಯುವ ಮುಂಚೆ ತಾನು ಕೇಳಿದ್ದ ಹೆಸರನ್ನು ತನ್ನ ಹಿಡಿತದಲ್ಲಿದ್ದ ಎಲ್ಲ ಫೋನುಗಳಿಗೂ ಇಟ್ಟುಬಿಟ್ಟಿತ್ತು. ಅವಳ ಫೋನಿನಲ್ಲಿ ಅವಳ ಹೆಸರು ನೀಲಾಂಬಿಕೆ. ಅಡುಗೆಯವನು ನೀಲಾಂಬಿಕೆ. ವಿಮಾನ ನಿಲ್ದಾಣಕ್ಕೆ ಬಿಡಲು ಟ್ಯಾಕ್ಸಿ ಕರೆದರೆ, ಬರುತ್ತಿರುವ ಚಾಲಕರು ನೀಲಾಂಬಿಕೆ ಎಂದು ಫೋನು ತೋರಿಸಿತು. ಬಂದವನಿಗೆ ದಪ್ಪ ಮೀಸೆಯಿತ್ತು. ಏನು ತಿದ್ದಿದರೂ ಹೆಸರು ಹೋಗುತ್ತಿರಲಿಲ್ಲ.

ಟ್ಯಾಕ್ಸಿಯಲ್ಲಿ ಚನ್ನವೀರಪ್ಪನವರು ಬೆವರು ಒರೆಸಿಕೊಂಡರು. "ದಾಕ್ಷಾ, ಊರಿಗೆ ಊರನ ಸಿಟ್ಟಿಗೆದ್ರ ಏನು ಮಾಡೂಣು?"

ದಾಕ್ಷಾಯಿಣಿ ಮೀಸೆಯ ನೀಲಾಂಬಿಕೆಯನ್ನು ಹಿಂದಿನಿಂದ ಅಕ್ಕರೆಯಿಂದ ನೋಡಿದಳು. "ಹೆಸರಿಟ್ಟ ಸೋದರತ್ತಿಗೆ ಸೀರಿ ಕೊಡೂದು ನಮ್ಮ ಪದ್ಧತಿ ಅಂತ ಅವರಿಗೆ ತಿಳಿಸಿ ಹೇಳ್ರಿ," ಎಂದಳು. "ನನಗೇನೂ ಅವಸರ ಇಲ್ಲ."