ಎಣ್ಣೆಗಾಯಿ ಸಿಡಿದ ಭಾನುವಾರ

ಹರಿಹರದಲ್ಲಿದ್ದಷ್ಟು ದಿನ ಲಕ್ಷ್ಮೀದೇವಿಯವರಿಗೆ ಇದ್ದದ್ದು ಒಂದೇ ದೂರು: ಮನೆಗೆ ಜನ ಬರುವುದು ಜಾಸ್ತಿ. ವಠಾರದ ಎಲ್ಲ ಮನೆಗೂ ಒಂದೇ ಅಂಗಳ. ಇವರ ಒಗ್ಗರಣೆ ಚಟಪಟ ಅಂದರೆ ಸಾಕು, ಯಾರಾದರೊಬ್ಬರು ಹೊಸ್ತಿಲು ದಾಟಿ ಬರುವವರೇ. (ಬಟ್ಟಲು ಹಿಡಿದುಕೊಂಡೇ ಬರುತ್ತಿದ್ದರು ಅನ್ನಿ.) ಮದುವೆಯಾಗದ ಹೆಂಗಸಿಗೆ ತಾಪತ್ರಯವಿಲ್ಲ ಎನ್ನುವವರು ಒಂದು ದಿನ ಈ ವಠಾರದಲ್ಲಿದ್ದು ನೋಡಲಿ ಎಂದು ಅವರು ಗೊಣಗುತ್ತಿದ್ದರು.

ಆ ಗೊಣಗಾಟವನ್ನು ದೇವರು ಕೇಳಿಸಿಕೊಂಡ. ಮಾಲೀಕರು ವಠಾರ ಕೆಡವಿದರು, ಜನ ದಿಕ್ಕಾಪಾಲಾದರು. ಸಹಕಾರಿ ಸಂಘದ ನೌಕರಿಯಲ್ಲಿದ್ದ ಲಕ್ಷ್ಮೀದೇವಿಗೆ ಅದೇ ಹೊತ್ತಿಗೆ ದಾವಣಗೆರೆಗೆ ವರ್ಗವಾಯಿತು. ಎಸ್.ಎಸ್. ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಮನೆ ಹಿಡಿದರು.

ಇಲ್ಲಿನ ಬಾಗಿಲುಗಳನ್ನು ಮಾಡಿಸಿದ್ದೇ ಮುಚ್ಚುವುದಕ್ಕೆ. ಲಿಫ್ಟಿನಲ್ಲಿ 'ಊಟ ಆತೇನ್ರಿ?' ಎಂದು ಕೇಳುವವರಿದ್ದರು, ಆದರೆ ಉತ್ತರ ಹೇಳುವಷ್ಟರಲ್ಲಿ ಅವರ ಮಹಡಿ ಬಂದುಬಿಡುತ್ತಿತ್ತು. ಪಕ್ಕದ ಮನೆಯ ಶೋಭಾರಾಣಿಯ ಗಂಡ ಔಷಧ ಕಂಪನಿಯ ಕೆಲಸದ ಮೇಲೆ ಊರೂರು ತಿರುಗುವವರು. ಆಕೆಯಾದರೂ ಮಾತಿಗೆ ಸಿಕ್ಕಾರೆಂದು ಲಕ್ಷ್ಮೀದೇವಿ ಒಮ್ಮೆ ಕೋಸಂಬರಿ ಒಯ್ದರು. ಶೋಭಾರಾಣಿ ಬಾಗಿಲ ಸಂದಿಯಲ್ಲೇ ಬಟ್ಟಲು ಇಸಕೊಂಡು, ತೊಳೆದು, ಸಂದಿಯಲ್ಲೇ ವಾಪಸು ಕೊಟ್ಟರು. ಕೊನೆಕೊನೆಗೆ ಲಕ್ಷ್ಮೀದೇವಿ, ಗ್ಯಾಸ್ ಕಂಪನಿಗೆ ಫೋನು ಮಾಡಿದರೆ 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಎನ್ನುವ ದನಿಯನ್ನು ಪೂರ್ತಿ ಕೇಳಿಯೇ ಫೋನು ಇಡತೊಡಗಿದರು. ಎಷ್ಟು ನಯವಾಗಿ ಮಾತಾಡುತ್ತಾಳೆ ಹುಡುಗಿ.

ಆಫೀಸಿನ ಬಕ್ಕೇಶ್ ಒಂದು ದಿನ, ಓವನ್ನಿನಲ್ಲಿ ಬೇಯಿಸಿದರೆ ಘಮ ಕೆಳಗಿನ ಮಹಡಿವರೆಗೂ ಇಳಿಯುತ್ತದೆ ಎಂದ. ಆಗ ಲಕ್ಷ್ಮೀದೇವಿಯವರಿಗೆ ಜ್ಞಾನೋದಯವಾಯಿತು. ಅಂದೇ ಮಂಡಿಪೇಟೆಗೆ ಹೋಗಿ ಓವನ್ನನ್ನೂ, ಮುಚ್ಚಳವಿರುವ ದಪ್ಪ ಗಾಜಿನ ಪಾತ್ರೆಯನ್ನೂ ತಂದರು. ಪಾತ್ರೆಯ ಜೊತೆ ಸೂಚನೆಗಳ ಹಾಳೆಯೂ ಬಂದಿತ್ತು. ಅಕ್ಷರ ಸಾಸಿವೆಗಿಂತ ಸಣ್ಣದಿದ್ದುದರಿಂದ ಅದನ್ನು ಮಡಿಸಿ ಎಣ್ಣೆ ಡಬ್ಬಿಯ ಕೆಳಗೆ ಹಾಸಿದರು. ಮೇಲಿನ ಮಹಡಿಯಲ್ಲೂ ಕೆಳಗಿನ ಮಹಡಿಯಲ್ಲೂ ಬಾಗಿಲು ಬಡಿದು, ಭಾನುವಾರ ಸಂಜೆ ಎಣ್ಣೆಗಾಯಿ-ರೊಟ್ಟಿಗೆ ಬರಬೇಕೆಂದು ಕರೆದು ಬಂದರು. ಅಸೋಸಿಯೇಷನ್ ಅಧ್ಯಕ್ಷ ಬೋರಣ್ಣನವರು 'ನೋಡೋಣ್ರಿ' ಎಂದರು. ಉಳಿದವರೂ ನೋಡೋಣ ಎಂದೇ ಅಂದರು.

ಭಾನುವಾರ ಬದನೆಕಾಯಿ ಸೀಳಿ, ಶೇಂಗಾ-ಎಳ್ಳಿನ ಮಸಾಲೆ ತುಂಬಿ, ಗಾಜಿನ ಪಾತ್ರೆಯಲ್ಲಿ ಜೋಡಿಸಿ ಓವನ್ನಿಗೆ ಇಟ್ಟರು. ಬಕ್ಕೇಶ್ ಹೇಳಿದ್ದು ಸುಳ್ಳಾಗಲಿಲ್ಲ, ಘಮ ಎದ್ದಿತು. ಮುಂಬಾಗಿಲು ಅರ್ಧ ತೆರೆದಿಟ್ಟು, ತಟ್ಟೆ ಹಾಕಿ, ಕುರ್ಚಿಯಲ್ಲಿ ಕೂತರು. ಮೆಟ್ಟಿಲ ಮೇಲೆ ಕಾಲ ಸಪ್ಪಳ ಕೇಳಿದಾಗಲೆಲ್ಲ ಸೆರಗು ಸರಿಮಾಡಿಕೊಂಡರು. ಸಪ್ಪಳಗಳೆಲ್ಲ ಮೇಲೆ ಹೋದವು, ಇಲ್ಲವೇ ಕೆಳಗೆ ಹೋದವು. ಇನ್ನು ಬಿಟ್ಟರೆ ಬದನೆ ಸೀದು ಹೋದೀತೆಂದು ಎದ್ದು, ದಪ್ಪ ಬಟ್ಟೆಯಲ್ಲಿ ಹಿಡಿದು ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು, ಪಾತ್ರೆಯನ್ನೂ ಹಾಗೇ ಹಿಡಿದು ಹೊರತಂದರು. ಆಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಕಲ್ಲಿನ ಕಟ್ಟೆಯ ಮೇಲೆ ಇಟ್ಟರು.

ಢಮ್ ಎಂದಿತು.

ಬದನೆ ಗೋಡೆಗೆ, ಗಾಜು ಮನೆತುಂಬ. ಲಕ್ಷ್ಮೀದೇವಿಗೆ ಒಂದು ಗೀರೂ ಆಗಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ಇಡೀ ಅಪಾರ್ಟ್‌ಮೆಂಟು ಅವರ ಮನೆಯೊಳಗಿತ್ತು. ಸಿಲಿಂಡರೇ ಸಿಡಿಯಿತೆಂದು ಬೋರಣ್ಣ ಮರಳಿನ ಬಕೀಟು ಹಿಡಿದು ಬಂದಿದ್ದರು. ಗಾಜೆಂದು ಗೊತ್ತಾದ ಮೇಲೂ ಯಾರೂ ಹೋಗಲಿಲ್ಲ, ಪಾಠ ಶುರುವಾಯಿತು. ಬಿಸಿ ಗಾಜನ್ನು ಒಣಬಟ್ಟೆಯ ಮೇಲೋ ಮರದ ಹಲಗೆಯ ಮೇಲೋ ಇಡಬೇಕು ಎಂದರು ಬೋರಣ್ಣ. ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಓವನ್ನಿಗೆ ಇಡಬಾರದು ಎಂದರು ಕೆಳಮನೆಯ ಕಮಲಕ್ಕ. ಶೋಭಾರಾಣಿಯಂತೂ ಸೆರಗು ಸಿಕ್ಕಿಸಿ ನಿಂತರು: ಗೀರು ಬಿದ್ದ ಗಾಜು ಬಳಸಬಾರದು, ಕಡಾಯಿಯ ಗಾಜಿನ ಮುಚ್ಚಳ ಓವನ್ನಿಗೆ ಬರುವುದಿಲ್ಲ, ಅದರ ಪ್ಲಾಸ್ಟಿಕ್ ಹಿಡಿ ಕರಗುತ್ತದೆ.

"ಬಿಸಿ ಮುಚ್ಚಳಾನ ಸಿಂಕಿಗೆ ಹಾಕೋದಂತೂ ಶುದ್ಧ ದಡ್ಡತನ ನೋಡ್ರಿ," ಎಂದರು.

ಗಾಜಿನ ಸಂಗತಿ ಎಲ್ಲರಿಗೂ ಗೊತ್ತಿತ್ತು. ಲಕ್ಷ್ಮೀದೇವಿಯ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವರು ಬೈಸಿಕೊಳ್ಳುತ್ತಲೇ ಎಲ್ಲರಿಗೂ ಚಹಾ ಕೊಟ್ಟರು, ಸ್ಟೀಲ್ ಲೋಟದಲ್ಲಿ. ಹರಿಹರ ಬಿಟ್ಟ ಮೇಲೆ ಅಷ್ಟು ಸಂತೋಷವಾಗಿ ಅವರು ಬೈಸಿಕೊಂಡಿರಲಿಲ್ಲ. ಚಹಾ ಮುಗಿಯಿತು, ಜನ ಹೋದರು, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಮುಂದಿನ ಭಾನುವಾರ ಮತ್ತೆ ಅದೇ ನಿಶ್ಶಬ್ದ. ಒಡೆಯದೆ ಉಳಿದ ಮುಚ್ಚಳ ಕಪಾಟಿನಿಂದ ಇಣುಕುತ್ತಿತ್ತು. ಇದನ್ನು ಕಾಸಿ ನಲ್ಲಿಯ ಕೆಳಗೆ ಹಿಡಿದರೆ ಎಷ್ಟು ಸದ್ದಾದೀತು? ಯೋಚನೆ ಬಂದದ್ದಕ್ಕೆ ಲಕ್ಷ್ಮೀದೇವಿ ತಮಗೆ ತಾವೇ ನಾಚಿಕೊಂಡರು. ಕಪಾಟು ಮುಚ್ಚಿ, ಸೀದಾ ಹೋಗಿ ಶೋಭಾರಾಣಿಯ ಬೆಲ್ ಒತ್ತಿದರು.

ಬಾಗಿಲು ಸಂದಿಯಷ್ಟೇ ತೆರೆಯಿತು. "ಯಾಕ್ರಿ, ಮತ್ತೆ ಒಡೀತಾ?"

"ಇಲ್ರಿ. ಸುಮ್ಮನ ಬಂದೆ."

ಅಂಥ ಕಾರಣವನ್ನು ಎಂದೂ ಕೇಳದವರಂತೆ ಶೋಭಾರಾಣಿ, ಇವರ ಕೈಯಲ್ಲಿ ಬಟ್ಟಲಿದೆಯೇ ಎಂದು ನೋಡಿದರು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದರು. ಕೈಯಲ್ಲಿ ಪೊರಕೆ. ಹಿಂದೆ ಅಡುಗೆಮನೆಯ ನೆಲದ ತುಂಬ ಗಾಜಿನ ಚೂರು.

"ಚಪ್ಪಲಿ ಹಾಕ್ಕೊಂಡೇ ಬರ್ರಿ," ಎಂದರು. "ಬಿಸಿ ಮುಚ್ಚಳಾನ ಸಿಂಕಿಗೆ ಹಾಕ್ಬಿಟ್ಟೆ." ಆಮೇಲೆ ದನಿ ಇಳಿಸಿ, "ನಿಮ್ದರಷ್ಟು ಸದ್ದು ಆಗ್ಲಿಲ್ಲ ನೋಡ್ರಿ. ಯಾರೂ ಬರ್ಲಿಲ್ಲ," ಎಂದರು.

ಲಕ್ಷ್ಮೀದೇವಿ ಪೊರಕೆ ಇಸಕೊಂಡರು. ಶೋಭಾರಾಣಿ ಸ್ಟೂಲಿನ ಮೇಲೆ ಕೂತು, ಫ್ರಿಜ್ಜಿನ ಕೆಳಗೆ ಉಳಿಯಿತು, ಆ ಮೂಲೆ ಬಿಟ್ಟಿರಿ, ಗಾಜು ಗುಡಿಸುವ ರೀತಿಯೇ ಇದಲ್ಲ ಎಂದು ತಪ್ಪು ತೋರಿಸತೊಡಗಿದರು. ಲಕ್ಷ್ಮೀದೇವಿ ಹೂಂಗುಟ್ಟುತ್ತಾ, ಆದಷ್ಟು ನಿಧಾನವಾಗಿ ಗುಡಿಸಿದರು.