ನೆಟ್ಟಗಿನ ಅಂಚು

ಅಂದಿನ ಅನಾಹುತಕ್ಕೆಲ್ಲ ಕಾರಣ ಒಂದು ಶಾಲಿನ ಅಂಚು ನೆಟ್ಟಗಿದ್ದದ್ದು.

ಆ ಅಂಚಿಗಾಗಿ ಅವನು ವರ್ಷಗಟ್ಟಲೆ ಮಗ್ಗದ ಮುಂದೆ ಬೆನ್ನು ಬಗ್ಗಿಸಿದ್ದ. ಮೊದಮೊದಲು ನೇಯ್ದ ಶಾಲುಗಳ ಅಂಚು ಕುಡುಕನ ನಡಿಗೆಯಂತೆ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತಿತ್ತು. ಸಿಕ್ಕವರಿಗೆಲ್ಲ ಅಂಚಿನ ಕಷ್ಟವನ್ನೇ ಹೇಳಿ ಹೇಳಿ ಬೀದಿಯವರ ಬಾಯಲ್ಲಿ ಅವನು ಅಂಚಣ್ಣನಾದ. ಕೊನೆಗೊಂದು ಶಾಲು ಗೆರೆ ಎಳೆದಂತೆ ಬಂತು. ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಬೆಳಿಗ್ಗೆ ಪೇಟೆಯ ಕೈಮಗ್ಗದ ಅಂಗಡಿಗೆ ಹೋದ.

ಅಂಗಡಿಯಮ್ಮ ಅಂಚಿನ ಮೇಲೆ ಬೆರಳಾಡಿಸಿ ಶಾಲನ್ನು ಹಿಂದಕ್ಕೆ ತಳ್ಳಿದರು.

“ಇದು ಯಂತ್ರದ್ದು.”

“ಅಲ್ಲಮ್ಮ, ನಾನೇ ಕೈಯಾರೆ ನೇಯ್ದದ್ದು.”

“ಕೈಯಲ್ಲಿ ನೇಯ್ದದ್ದು ಇಷ್ಟು ನೆಟ್ಟಗಿರಲ್ಲ ಕಣ್ರೀ. ನಮ್ಮ ಗಿರಾಕಿಗಳು ಅಂಚು ಮುಟ್ಟಿ ನೋಡ್ತಾರೆ. ಎಲ್ಲೋ ಒಂಚೂರು ತಪ್ಪಿದ್ದರೇ ಅವರಿಗೆ ನಂಬಿಕೆ. ಸಂಜೆ ನಿಮ್ಮನೆಗೇ ಬರ್ತೀನಿ, ಮೊಳದಷ್ಟು ನೇಯ್ದಿಡಿ. ಕೈಕೆಲಸ ಅನ್ನಿಸಿದರೆ ವರ್ಷವಿಡೀ ಕೆಲಸ ಕೊಡ್ತೀನಿ.”

ಕುಣಿಯಲಾರದವರು ನೆಲ ಡೊಂಕು ಅನ್ನುವುದನ್ನು ಅಂಚಣ್ಣ ಕೇಳಿದ್ದ. ನೆಲ ನೆಟ್ಟಗಿದೆ ಎಂದು ದೂರುವವರನ್ನು ಕಂಡದ್ದು ಇದೇ ಮೊದಲು.

ಆದರೆ ಅಂಗಡಿಯಮ್ಮನಿಗೆ ಆಗಲ್ಲ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೆಂಡತಿಯ ಅಣ್ಣ ಯಂತ್ರದ ಮಗ್ಗಗಳ ಕಾರ್ಖಾನೆ ಇಟ್ಟವನು. ಇವತ್ತು ಸಂಜೆಯೊಳಗೆ ಗಿರಾಕಿ ಸಿಗದಿದ್ದರೆ ಮನೆಯ ಮಗ್ಗ ಸೌದೆಯ ಅಡ್ಡೆಗೆ, ಅಂಚಣ್ಣ ಕಾರ್ಖಾನೆಗೆ ಎಂದು ಆ ಭಾವ ತೀರ್ಪು ಕೊಟ್ಟಾಗಿತ್ತು. ಹೆಂಡತಿಯೂ ಹೂಂ ಅಂದಿದ್ದಳು. ಮಗ್ಗವಿಲ್ಲದ ಕೋಣೆಯನ್ನು ನೆನೆಯುವುದೂ ಅಂಚಣ್ಣನಿಂದ ಆಗುತ್ತಿರಲಿಲ್ಲ.

ಮನೆಗೆ ಬಂದು ತಪ್ಪು ಮಾಡಲೆಂದೇ ಲಾಳಿ ಹಿಡಿದು ಕೂತ. ಕೈ ಮಾತು ಕೇಳಲಿಲ್ಲ. ಕಣ್ಣು ಮುಚ್ಚಿ ನೇಯ್ದ, ಅಂಚು ನೆಟ್ಟಗೆ ಬಂತು. ಬೇಕೆಂದೇ ನೂಲನ್ನು ಸಡಿಲ ಬಿಟ್ಟ, ಅವನಿಗೇ ತಿಳಿಯದಂತೆ ಬೆರಳು ಅದನ್ನು ಎಳೆದು ಸರಿಮಾಡಿತು.

ಸುದ್ದಿ ಗೋಡೆ ದಾಟಿ ಪಕ್ಕದ ಮನೆಯ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೆ ತಿದ್ದಲು ಮಕ್ಕಳಿಲ್ಲದೆ ಬೀದಿಯನ್ನೇ ತಿದ್ದುತ್ತಿದ್ದವರು.

“ತಪ್ಪಿಗೂ ಒಂದು ಶಿಸ್ತು ಬೇಕಪ್ಪ. ನಾನು ಕೋಲು ಬಡೀತೀನಿ. ಬಡಿದಾಗಲೆಲ್ಲ ಒಂದೆಳೆ ಸಡಿಲ ಬಿಡು.”

ಮೇಷ್ಟ್ರು ಗಡಿಯಾರದಂತೆ ಬಡಿದರು, ಕೈ ಕೋಲಿನ ಮಾತು ಕೇಳಿ ಅಷ್ಟೇ ಕ್ರಮವಾಗಿ ಎಳೆ ಬಿಟ್ಟಿತು. ಹೆಂಡತಿ ಬಂದು ನೋಡಿ, “ಚೆನ್ನಾಗಿದೆ ರೀ, ಲೇಸು ಹಾಕಿದ ಹಾಗಿದೆ” ಅಂದಳು. ಅಂಚಣ್ಣ ಅಷ್ಟನ್ನೂ ಬಿಚ್ಚಿದ.

ಆಮೇಲೆ ಮಹಡಿಯ ಅತ್ತೆ ಇಳಿದು ಬಂದರು. ಅವರು ಯಾರಿಗೂ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ.

“ಮನಸ್ಸು ಕೆಟ್ಟರೆ ಕೈ ತಾನಾಗೇ ಕೆಡುತ್ತೆ. ನೀನು ನೇಯ್ತಾ ಇರು, ನಾನು ನಮ್ಮೆಜಮಾನರು ಹೋದ ಕತೆ ಹೇಳ್ತೀನಿ.”

ಮೊದಲ ಜ್ವರದಿಂದ ಹಿಡಿದು ಕೊನೆಯ ಗುಟುಕು ನೀರಿನವರೆಗೆ ಏನೊಂದೂ ಬಿಡದೆ ಹೇಳಿದರು. ಮೇಷ್ಟ್ರು ಅತ್ತರು, ಹೆಂಡತಿ ಅತ್ತಳು, ಅಂಚಣ್ಣನಂತೂ ಬಿಕ್ಕಿ ಬಿಕ್ಕಿ ಅತ್ತ. ಅಂಚು ಮಾತ್ರ ಅಲುಗಲಿಲ್ಲ.

ಹೊತ್ತು ಇಳಿಯುವ ಮೊದಲೇ ಭಾವ ಬಂದ. ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಗರಗಸ. ಮಗ್ಗವನ್ನೂ ಬಾಗಿಲನ್ನೂ ಅಳೆದು, “ಹೀಗೇ ಹೊರಗೆ ಹೋಗಲ್ಲ. ಕಾಲು ಕೊಯ್ಯಬೇಕು” ಅಂದ.

ಅಂಚಣ್ಣ ತಲೆ ಎತ್ತಲಿಲ್ಲ. ಮಗ್ಗ ಇರುವಷ್ಟು ಹೊತ್ತು ನೇಯುತ್ತೇನೆ ಎಂದು ನೇಯ್ದ. ಭಾವ ಗರಗಸವನ್ನು ಕಾಲಿಗೆ ಆನಿಸಿ ಗುರುತು ಮಾಡಿಕೊಂಡಾಗ ಮಗ್ಗ ಸಣ್ಣಗೆ ಕಿರುಗುಟ್ಟಿತು, ಅಂಚಣ್ಣನ ಕೈ ಲಯ ತಪ್ಪಿತು. ಅಂಚು ಒಳಗೆ ಸರಿಯಿತು, ಹೊರಗೆ ಬಂತು, ಒಂದು ಕಡೆ ಎಳೆಯೇ ತಪ್ಪಿತು. ಇಷ್ಟು ವರ್ಷ ಕಲಿತದ್ದು ಇದಕ್ಕೇನಾ ಎಂದು ಅವನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಅಂಗಡಿಯಮ್ಮ ಬಂದರು. ಅವರ ಬೆರಳು ನೆಟ್ಟಗಿನ ಅಂಚನ್ನು ಸುಮ್ಮನೆ ದಾಟಿ ಹೋಗಿ ತಪ್ಪಿದ ಎಳೆಯ ಹತ್ತಿರ ನಿಂತಿತು.

“ಇದು ನೋಡಿ, ಇದು ಮನುಷ್ಯನ ಕೈ. ಇಂಥವು ಎಷ್ಟಿದ್ದರೂ ತಗೋತೀನಿ.”

ಭಾವ ಗರಗಸ ಕೆಳಗಿಟ್ಟ. ಅತ್ತೆ ಇದು ತಮ್ಮ ಕತೆಯ ಫಲ ಅಂದರು, ಮೇಷ್ಟ್ರು ಕೋಲಿನದು ಅಂದರು. ಅಂಚಣ್ಣನಿಗೆ ಮಗ್ಗ ಉಳಿಯಿತು ಎನ್ನುವುದರ ಹೊರತು ಬೇರೇನೂ ಕೇಳಿಸಲಿಲ್ಲ.

“ಒಂದೇ ಮಾತು,” ಅಂಗಡಿಯಮ್ಮ ಅಂದರು. “ಜನ ಈಗ ಫೋನಲ್ಲಿ ಫೋಟೋ ನೋಡಿ ಕೊಳ್ತಾರೆ. ಫೋಟೋದಲ್ಲಿದ್ದ ಹಾಗೇ ಕೈಗೆ ಬರಬೇಕು. ಎಲ್ಲ ಶಾಲಲ್ಲೂ ಇದೇ ಜಾಗದಲ್ಲಿ ಇದೇ ತಪ್ಪು ಇರಬೇಕು.”

“ಅದು ತಾನಾಗಿ ಬಂದದ್ದಮ್ಮ. ಇನ್ನೊಂದು ಸಲ ನನ್ನಿಂದ ಆಗಲ್ಲ.”

ಭಾವ ಬಗ್ಗಿ ಆ ಅಂಚನ್ನು ತನ್ನ ಬೆರಳಿನಿಂದಲೂ ಒಮ್ಮೆ ಸವರಿದ.

“ನಮ್ಮ ಯಂತ್ರಕ್ಕೆ ಒಂದು ಸಲ ತೋರಿಸಿದರೆ ಸಾಕಮ್ಮ. ಎಷ್ಟು ಶಾಲು ಬೇಕಾದರೂ ಇದೇ ತಪ್ಪು, ಕೂದಲೆಳೆಯಷ್ಟೂ ಆಚೀಚೆ ಆಗಲ್ಲ.”

ಅಂಗಡಿಯಮ್ಮ ಸ್ವಲ್ಪ ಯೋಚಿಸಿದರು. “ಮುಟ್ಟಿದರೆ ಕೈಕೆಲಸ ಅನ್ನಿಸಿದರಾಯ್ತು” ಅಂದರು. ಮಾತು ಮುಗಿಯಿತು. ಮಗ್ಗದ ಕಾಲು ಕೊಯ್ಯುವುದು ಬೇಡ, ಅಂಗಡಿಯ ಮುಂಬಾಗಿಲಲ್ಲಿ ನೋಟಕ್ಕಿಡುತ್ತೇನೆ ಎಂದೂ ಹೇಳಿದರು. ಮೇಷ್ಟ್ರ ಸಲಹೆಯಂತೆ ಬಾಗಿಲಿನ ಚೌಕಟ್ಟನ್ನೇ ಕಿತ್ತು ಮಗ್ಗವನ್ನು ಸಾಗಿಸಿದರು.

ಹೊರಡುವಾಗ ಭಾವ ಅಂಚಣ್ಣನ ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ನಿಜವಾದ ಪ್ರೀತಿಯಿತ್ತು.

“ನಾಳೆಯಿಂದ ಬಾ. ಒಂದೊಂದು ಶಾಲೂ ನಿನ್ನ ಕೈ ದಾಟಿಯೇ ಹೋಗಲಿ. ಅಂಚು ನೆಟ್ಟಗೆ ಬಂದಿದ್ದರೆ ಹರಿದು ಬದಿಗೆ ಹಾಕು. ಅಂಚಿನ ವಿಷಯದಲ್ಲಿ ನಿನ್ನಷ್ಟು ಕಟ್ಟುನಿಟ್ಟು ಇನ್ಯಾರಿದ್ದಾರೆ?”